ಫೆಂಗ್ ಶುಯಿ ಗೃಹಾಲಂಕಾರ ಯೋಜನೆ: ತತ್ತ್ವದಲ್ಲಿ ಗಟ್ಟಿ, ಬಣ್ಣದಲ್ಲಿ ಸಡಿಲ

ಮನೆಯ ನಕ್ಷೆಯನ್ನೂ ಕೋಣೆಗಳ ಛಾಯಾಚಿತ್ರಗಳನ್ನೂ ಕಳುಹಿಸಿದರೆ, ಚೀನಾದ ಸಾಂಪ್ರದಾಯಿಕ ವಾಸವಿನ್ಯಾಸ ಪದ್ಧತಿಯಾದ ಫೆಂಗ್ ಶುಯಿಯ ಐದು ತತ್ತ್ವಗಳಿಗೆ ಅನುಗುಣವಾಗಿ ಯಾವ ಕೋಣೆಗೆ ಯಾವ ಬಣ್ಣ, ಯಾವ ಆಕಾರದ ಪೀಠೋಪಕರಣ, ಯಾವ ಬಗೆಯ ಬೆಳಕು ಹೊಂದುತ್ತದೆ ಎಂದು ವರದಿ ಬರೆದುಕೊಡುವ ಆನ್‌ಲೈನ್ ಸೇವೆಯೊಂದನ್ನು ನಮ್ಮ ಮನೆಗೆ ಬಳಸಿಕೊಂಡೆವು. ವರದಿಯ ಜೊತೆಗೆ ಮುದ್ರಿತ ಬಣ್ಣದ ಕಾರ್ಡೊಂದೂ ‘ಪರಿಹಾರ ವಸ್ತು’ಗಳ ಪೆಟ್ಟಿಗೆಯೊಂದೂ ಬರುತ್ತವೆ. ಇಂಥ ಸೇವೆಗಳು ಈಗ ಹಲವಿದ್ದು, ಅವುಗಳ ಸ್ವರೂಪ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇಲ್ಲಿ ಸಂಸ್ಥೆಯ ಹೆಸರಿಗಿಂತ ಕೆಲಸದ ಗುಣವನ್ನೇ ನೋಡಿದ್ದೇನೆ. ಮನೆಗೆ ಸಂಪತ್ತು ಬಂತೇ, ಮನಸ್ತಾಪ ಕಡಿಮೆಯಾಯಿತೇ ಎಂಬ ಪ್ರಶ್ನೆಗಳನ್ನು ನಾನು ಕೇಳಿಕೊಂಡಿಲ್ಲ. ಗೋಡೆಯ ಬಣ್ಣದಿಂದ ಅವು ತೀರ್ಮಾನವಾಗುತ್ತವೆ ಎಂದು ನಂಬುವುದಕ್ಕೆ ನನಗೆ ಆಧಾರ ಕಂಡಿಲ್ಲ. ಕೊಟ್ಟ ಸಲಹೆ ಫೆಂಗ್ ಶುಯಿಯದೇ ನಿಯಮಗಳಿಗೆ ನಿಷ್ಠವಾಗಿದೆಯೇ, ಆ ಸಲಹೆಯಂತೆ ಅಲಂಕರಿಸಿದ ಕೋಣೆ ಕಣ್ಣಿಗೂ ವಾಸಕ್ಕೂ ಹಿತವಾಗಿದೆಯೇ ಎಂಬ ಎರಡು ಅಳತೆಗೋಲುಗಳಷ್ಟೇ ಈ ವಿಮರ್ಶೆಗೆ ಸಾಕು.

ಮಾಹಿತಿ ಕೇಳುವ ಹಂತದಲ್ಲಿ ಸೇವೆಯವರು ತೋರುವ ಶ್ರದ್ಧೆ ಮೆಚ್ಚತಕ್ಕದ್ದು. ಪ್ರತಿ ಕೋಣೆಯ ಚಿತ್ರವನ್ನು ಹಗಲಿನ ಬೆಳಕಿನಲ್ಲಿ ಒಮ್ಮೆ, ರಾತ್ರಿ ದೀಪ ಹಚ್ಚಿದ ಮೇಲೆ ಇನ್ನೊಮ್ಮೆ ತೆಗೆದು ಕಳುಹಿಸಲು ಹೇಳುತ್ತಾರೆ. ಈಗಾಗಲೇ ಇರುವ, ಬದಲಿಸಲಾಗದ ವಸ್ತುಗಳು ಯಾವುವು ಎಂದೂ ಕೇಳುತ್ತಾರೆ. ನೆಲದ ಟೈಲ್ಸ್, ಅಡುಗೆಮನೆಯ ಕಟ್ಟೆ, ದೊಡ್ಡ ಸೋಫಾ ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಆದರೆ ದಿಕ್ಕಿನ ವಿಷಯದಲ್ಲಿ ಇದೇ ಎಚ್ಚರ ಕಾಣುವುದಿಲ್ಲ. ಮುಂಬಾಗಿಲಲ್ಲಿ ನಿಂತು ಫೋನಿನ ದಿಕ್ಸೂಚಿ ತೋರಿಸುವ ಡಿಗ್ರಿಯನ್ನು ಒಮ್ಮೆ ಬರೆದುಕಳುಹಿಸಿದರೆ ಸಾಕು ಎನ್ನುತ್ತಾರೆ. ಸಾಂಪ್ರದಾಯಿಕ ಫೆಂಗ್ ಶುಯಿಯ ದಿಕ್ಸೂಚಿಯಾದ ಲೋಪಾನ್ ಇಡೀ ವೃತ್ತವನ್ನು 15 ಡಿಗ್ರಿಯ 24 ಭಾಗಗಳಾಗಿ ವಿಂಗಡಿಸುತ್ತದೆ. ಅಷ್ಟು ಸೂಕ್ಷ್ಮಕ್ಕೆ ಹೋಗದೆ 45 ಡಿಗ್ರಿಯ ಎಂಟು ದಿಕ್ಕುಗಳನ್ನೇ ಹಿಡಿದರೂ, 200 ಡಿಗ್ರಿ ಬಂದರೆ ದಕ್ಷಿಣ, ಅಂದರೆ ಐದು ತತ್ತ್ವಗಳಲ್ಲಿ ಬೆಂಕಿ. 205 ಬಂದರೆ ನೈರುತ್ಯ, ಅಂದರೆ ಮಣ್ಣು. ಕಬ್ಬಿಣದ ಬಾಗಿಲು, ಗೋಡೆಯೊಳಗಿನ ಸರಳು, ಪಕ್ಕದಲ್ಲಿರುವ ಸ್ಪೀಕರ್ ಇವುಗಳಲ್ಲಿ ಯಾವುದೊಂದಾದರೂ ಫೋನಿನ ಸೂಜಿಯನ್ನು ಇದಕ್ಕಿಂತ ಹೆಚ್ಚು ಓಲಿಸಬಲ್ಲದು. ಬೇರೆ ಬೇರೆ ಜಾಗಗಳಲ್ಲಿ ನಿಂತು ಅಳೆದು ಹೋಲಿಸಿ ನೋಡಿ ಎಂಬ ಒಂದು ಸಾಲು ಅರ್ಜಿಯಲ್ಲಿದ್ದಿದ್ದರೆ ಈ ತೊಡಕಿನ ಬಹುಭಾಗ ನೀಗುತ್ತಿತ್ತು. ಭೂಮಿಯ ಅಯಸ್ಕಾಂತೀಯ ಉತ್ತರ ಬೇಕೇ, ಭೌಗೋಳಿಕ ಉತ್ತರ ಬೇಕೇ ಎಂಬುದನ್ನೂ ಅವರು ಹೇಳುವುದಿಲ್ಲ. ಫೋನಿನಲ್ಲಿ ಎರಡೂ ಆಯ್ಕೆಗಳಿರಬಹುದು, ಲೋಪಾನ್ ತೋರಿಸುವುದು ಮೊದಲನೆಯದನ್ನು.

ವರದಿಯ ತಿರುಳು ಇರುವುದು ಐದು ತತ್ತ್ವಗಳ ಅಧ್ಯಾಯದಲ್ಲಿ. ಮರ, ಬೆಂಕಿ, ಮಣ್ಣು, ಲೋಹ, ನೀರು ಇವೇ ಆ ಐದು. ಪೂರ್ವ ಮತ್ತು ಆಗ್ನೇಯ ಮರಕ್ಕೆ, ದಕ್ಷಿಣ ಬೆಂಕಿಗೆ, ನೈರುತ್ಯ, ಈಶಾನ್ಯ ಹಾಗೂ ಮನೆಯ ನಡುಭಾಗ ಮಣ್ಣಿಗೆ, ಪಶ್ಚಿಮ ಮತ್ತು ವಾಯವ್ಯ ಲೋಹಕ್ಕೆ, ಉತ್ತರ ನೀರಿಗೆ ಸೇರಿದವು. ಬಣ್ಣಗಳ ಲೆಕ್ಕದಲ್ಲಿ ಮರಕ್ಕೆ ಹಸಿರು, ಬೆಂಕಿಗೆ ಕೆಂಪು, ಮಣ್ಣಿಗೆ ಹಳದಿ, ಲೋಹಕ್ಕೆ ಬಿಳಿ, ನೀರಿಗೆ ಕಪ್ಪು. ಇಷ್ಟನ್ನು ಯಾವ ಕಿರುಹೊತ್ತಗೆಯಾದರೂ ಹೇಳುತ್ತದೆ. ಈ ವರದಿ ಅಲ್ಲಿಗೇ ನಿಲ್ಲದೆ, ತತ್ತ್ವವೆಂದರೆ ಬಣ್ಣವಷ್ಟೇ ಅಲ್ಲ, ಆಕಾರವೂ ಹೌದು, ವಸ್ತುವೂ ಹೌದು ಎಂಬುದನ್ನು ಮೊದಲಿನಿಂದಲೇ ಸ್ಪಷ್ಟಪಡಿಸುತ್ತದೆ. ಎತ್ತರಕ್ಕೆ ನಿಂತ ಕಂಬದಂಥ ಆಕಾರ ಮರದ್ದು, ಚೂಪಾದದ್ದು ಬೆಂಕಿಯದ್ದು, ತಗ್ಗಾದ ಚೌಕ ಮಣ್ಣಿನದ್ದು, ದುಂಡಗಿನದ್ದು ಲೋಹದ್ದು, ಅಲೆಯಂತೆ ಬಳುಕುವುದು ನೀರಿನದ್ದು. ಹಾಗಾಗಿ ಹಸಿರು ಬಣ್ಣ ಬಳಿದ ದುಂಡು ಉಕ್ಕಿನ ಮೇಜು ಮರದ ತತ್ತ್ವವನ್ನು ತರುತ್ತದೆ ಎಂದುಕೊಳ್ಳುವುದು ತಪ್ಪು. ಬಣ್ಣ ಒಂದನ್ನು ಹೇಳಿದರೂ ಆಕಾರ ಮತ್ತು ವಸ್ತು ಎರಡೂ ಲೋಹದ ಕಡೆಗೇ ನಿಲ್ಲುತ್ತವೆ, ಮತ್ತು ಲೋಹವು ಮರವನ್ನು ಕಡಿಯುವಂಥದ್ದು. ಈ ಒಂದು ವಿವೇಚನೆಗಾಗಿಯೇ ವರದಿಯನ್ನು ಓದಬಹುದು.

ತತ್ತ್ವಗಳ ನಡುವಣ ಸಂಬಂಧವನ್ನು ಮೂರು ಬಗೆಯಾಗಿ ವಿವರಿಸಿದ್ದಾರೆ. ನೀರು ಮರವನ್ನು ಬೆಳೆಸುತ್ತದೆ, ಮರ ಬೆಂಕಿಗೆ ಉರುವಲಾಗುತ್ತದೆ, ಬೆಂಕಿ ಬೂದಿಯಾಗಿ ಮಣ್ಣಾಗುತ್ತದೆ, ಮಣ್ಣಿನೊಳಗೆ ಲೋಹ ಹುಟ್ಟುತ್ತದೆ, ಲೋಹದ ಮೇಲೆ ನೀರು ಹನಿಗಟ್ಟುತ್ತದೆ. ಇದು ಪೋಷಣೆಯ ಚಕ್ರ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ, ಲೋಹ ಮರವನ್ನು ಕಡಿಯುತ್ತದೆ, ಮರದ ಬೇರು ಮಣ್ಣನ್ನು ಸೀಳುತ್ತದೆ, ಮಣ್ಣು ನೀರಿಗೆ ಒಡ್ಡು ಕಟ್ಟುತ್ತದೆ. ಇದು ನಿಯಂತ್ರಣದ ಚಕ್ರ. ಮೂರನೆಯದು ಪೋಷಣೆಯ ಚಕ್ರವನ್ನೇ ಹಿಂದುಮುಂದಾಗಿ ಓದುವುದು: ಯಾವುದು ಇನ್ನೊಂದನ್ನು ಪೋಷಿಸುತ್ತದೋ ಅದು ತಾನು ಸವೆಯುತ್ತದೆ. ಅಲಂಕಾರಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಮೂರನೆಯದೇ, ಆದರೆ ಸಾಮಾನ್ಯ ಮಾರ್ಗದರ್ಶಿಗಳಲ್ಲಿ ಅದಕ್ಕೆ ಸಿಗುವ ಜಾಗ ಬಹಳ ಕಡಿಮೆ.

ನಮ್ಮ ಹಾಲ್ ಇರುವುದು ಮನೆಯ ದಕ್ಷಿಣ ಭಾಗದಲ್ಲಿ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ, ಸೋಫಾದ ಬಣ್ಣ ಕಡುಗೆಂಪು, ದೀಪಗಳೂ ಹೆಚ್ಚು. ಲೆಕ್ಕದ ಪ್ರಕಾರ ಬೆಂಕಿ ಮಿತಿಮೀರಿದೆ. ನಿಯಂತ್ರಣದ ಚಕ್ರವನ್ನಷ್ಟೇ ತಿಳಿದವರು ಇದಕ್ಕೆ ನೀರನ್ನು ಸೂಚಿಸುತ್ತಾರೆ: ಕಪ್ಪು ಕಾರ್ಪೆಟ್, ಕಡುನೀಲಿ ಪರದೆ, ಗೋಡೆ ತುಂಬ ಕನ್ನಡಿ. ವರದಿ ಹಾಗೆ ಮಾಡದೆ ಮಣ್ಣನ್ನು ಸೂಚಿಸಿತು. ಸೋಫಾ ಇದ್ದಲ್ಲೇ ಇರಲಿ. ಅದರ ಹಿಂದಿನ ಗೋಡೆಗೆ ಕಾವಿಗಿಂತ ತುಸು ತಿಳಿಯಾದ ಮಣ್ಣಿನ ಬಣ್ಣ, ಮುಂದೆ ತಗ್ಗಾದ ಚೌಕದ ಮೇಜು, ಮೂಲೆಯಲ್ಲಿ ಹೊಳಪಿಲ್ಲದ ಮಣ್ಣಿನ ದೊಡ್ಡ ಹೂಜಿ, ಕುಶನ್‌ಗಳಿಗೆ ಸಾಸಿವೆ ಹಳದಿ. ಬೆಂಕಿಯ ಬಲ ಮಣ್ಣಿಗೆ ಹರಿದು ತಾನಾಗಿ ತಗ್ಗುತ್ತದೆ ಎಂಬುದು ಅವರ ವಿವರಣೆ. ಚಿ ಎಂಬ ಜೀವಶಕ್ತಿಯನ್ನು ನಂಬದವರೂ ಇದರ ಫಲವನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು. ಕೆಂಪು, ಕಾವಿ, ಹಳದಿ ಬಣ್ಣಚಕ್ರದಲ್ಲಿ ಅಕ್ಕಪಕ್ಕದವು. ಒಂದರಿಂದ ಇನ್ನೊಂದಕ್ಕೆ ದೃಷ್ಟಿ ಎಡವದೆ ಸಾಗುತ್ತದೆ, ಕೆಂಪು ಇದ್ದಷ್ಟೇ ಇದ್ದರೂ ಅದರ ಅಬ್ಬರ ಇಳಿಯುತ್ತದೆ. ಕೆಂಪಿನೆದುರು ಕಪ್ಪನ್ನು ಇಟ್ಟಿದ್ದರೆ ಕೆಂಪು ಇನ್ನಷ್ಟು ಉರಿಯುತ್ತಿತ್ತು.

ಹಾಗೆಂದು ಪೋಷಣೆಯ ಜೋಡಿಗಳೆಲ್ಲ ಸೌಮ್ಯ, ನಿಯಂತ್ರಣದ ಜೋಡಿಗಳೆಲ್ಲ ಕಟು ಎಂಬ ಸೂತ್ರ ಎಲ್ಲ ಕಡೆ ಸಲ್ಲುವುದಿಲ್ಲ. ಲೋಹ ನೀರನ್ನು ಪೋಷಿಸುತ್ತದೆ, ಆದರೆ ಬಿಳಿ ಮತ್ತು ಕಪ್ಪಿಗಿಂತ ತೀಕ್ಷ್ಣವಾದ ಜೋಡಿ ಇನ್ನೊಂದಿಲ್ಲ. ಮರ ಮಣ್ಣನ್ನು ಸೀಳುತ್ತದೆ, ಆದರೆ ಎಳೆಹಸಿರು ಮತ್ತು ಹಳದಿ ಒಂದರೊಳಗೊಂದು ಸರಾಗವಾಗಿ ಬೆರೆಯುತ್ತವೆ. ವರದಿ ಬರೆದವರಿಗೆ ಇದರ ಅರಿವಿದ್ದಂತಿದೆ, ಏಕೆಂದರೆ ಉತ್ತರದ ಓದುವ ಕೋಣೆಗೆ ಬಿಳಿ ಮತ್ತು ಕಪ್ಪಿನ ನಡುವೆ ಬೂದುಬಣ್ಣವನ್ನು ಧಾರಾಳವಾಗಿ ಇಟ್ಟಿದ್ದಾರೆ. ಬೂದು ಲೋಹದ ಬಳಗದ್ದೇ ಆದುದರಿಂದ ತತ್ತ್ವಕ್ಕೂ ಭಂಗವಿಲ್ಲ, ಕಣ್ಣಿಗೂ ಒಂದು ಮೆಟ್ಟಿಲು ಸಿಗುತ್ತದೆ.

ಇಲ್ಲಿ ಇತಿಹಾಸದ ಒಂದು ಉದಾಹರಣೆಯನ್ನು ನೆನೆಯುವುದು ಅಗತ್ಯ. ಚಕ್ರವರ್ತಿಗಳ ಅರಮನೆಯಾಗಿದ್ದ ಬೀಜಿಂಗ್‌ನ ನಿಷೇಧಿತ ನಗರದಲ್ಲಿ ಬಹುತೇಕ ಛಾವಣಿಗಳು ಹಳದಿ ಹೆಂಚಿನವು. ಹಳದಿ ಮಣ್ಣಿನ ಬಣ್ಣ, ಮಣ್ಣು ನಡುಭಾಗದ ತತ್ತ್ವ, ನಡುಭಾಗ ಚಕ್ರವರ್ತಿಯದ್ದು. ಆದರೆ 1776ರಲ್ಲಿ ಕಟ್ಟಿ ಮುಗಿಸಿದ ವೆನ್‌ಯುವಾನ್ ಎಂಬ ಗ್ರಂಥಾಲಯದ ಛಾವಣಿಗೆ ಕಪ್ಪು ಹೆಂಚು ಹೊದಿಸಿದ್ದಾರೆ, ಅಂಚಿಗೆ ಹಸಿರು. ಪುಸ್ತಕಗಳಿಗೆ ಬೆಂಕಿಯ ಭಯವಿರುವುದರಿಂದ ನೀರಿನ ಬಣ್ಣವನ್ನು ಮೇಲಿಟ್ಟರು. ಬೀಜಿಂಗ್‌ನಲ್ಲೇ, ನಿಷೇಧಿತ ನಗರದ ಹೊರಗಿರುವ ಭೂಮಿ ಮತ್ತು ಧಾನ್ಯದ ವೇದಿಕೆಯಲ್ಲಿ ಐದು ದಿಕ್ಕುಗಳಿಗೆ ಐದು ಬಣ್ಣದ ನಿಜವಾದ ಮಣ್ಣನ್ನೇ ಹರಡಿದ್ದಾರೆ: ಪೂರ್ವಕ್ಕೆ ಹಸಿರುನೀಲಿ ಛಾಯೆಯದು, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಬಿಳಿ, ಉತ್ತರಕ್ಕೆ ಕಪ್ಪು, ನಡುವೆ ಹಳದಿ. ಎರಡೂ ಕಡೆ ಬಣ್ಣ ಬರಿಯ ಲೇಪವಾಗಿ ಬಂದಿಲ್ಲ. ಹೆಂಚಿನ ಮೈಯಾಗಿ, ಮಣ್ಣಿನ ರಾಶಿಯಾಗಿ ಬಂದಿದೆ. ವಸ್ತುವಿನಿಂದ ಬಣ್ಣವನ್ನು ಬೇರ್ಪಡಿಸಿ ಡಬ್ಬಿಯಲ್ಲಿ ತುಂಬಿ ಗೋಡೆಗೆ ಬಳಿಯುವ ಕ್ರಮ ಇಂದಿನ ಅಲಂಕಾರದ್ದು, ಮತ್ತು ವರದಿ ಸಡಿಲಗೊಳ್ಳುವುದೂ ಅಲ್ಲಿಂದಲೇ.

ಮುದ್ರಿತ ಬಣ್ಣದ ಕಾರ್ಡು ಈ ಸೇವೆಯ ದುರ್ಬಲ ಭಾಗ. ಪ್ರತಿ ತತ್ತ್ವಕ್ಕೆ ಕೆಲವು ಛಾಯೆಗಳನ್ನು ಹೊಳಪಿನ ಕಾಗದದ ಮೇಲೆ ಮುದ್ರಿಸಿದ್ದಾರೆ. ಅವು ಯಾವ ಪೇಂಟ್ ಕಂಪನಿಯ ಛಾಯಾಸಂಖ್ಯೆಗೂ ಹೊಂದಿಕೆಯಾಗಿಲ್ಲ. ಒಂದು ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದನ್ನು 0ಯಿಂದ 100ರವರೆಗಿನ ಸಂಖ್ಯೆಯಲ್ಲಿ ಹೇಳುವ ಎಲ್‌ಆರ್‌ವಿ ಮೌಲ್ಯವೂ ಇಲ್ಲ. ಸಣ್ಣ ಕಿಟಕಿಯ ಕೋಣೆಗೆ ‘ನೀರಿನ ಬಣ್ಣ’ವೆಂದು ಕಡುನೀಲಿಯನ್ನು ಸೂಚಿಸುವಾಗ ಈ ಸಂಖ್ಯೆ ಎಷ್ಟು ಮುಖ್ಯವೆಂದು ಪೇಂಟ್ ಬಳಿಯುವ ಯಾರಾದರೂ ಹೇಳಬಲ್ಲರು. ರಾತ್ರಿಯ ಚಿತ್ರಗಳನ್ನು ಅಷ್ಟು ಕಾಳಜಿಯಿಂದ ತರಿಸಿಕೊಂಡವರು ದೀಪದ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅಚ್ಚರಿಯ ವಿಷಯ. ಪಶ್ಚಿಮದ ಕೋಣೆಗೆ ಅವರು ಹೇಳಿದ ಅಪ್ಪಟ ಬಿಳಿ, 2,700 ಕೆಲ್ವಿನ್‌ನ ಹಳದಿ ಬಲ್ಬಿನ ಕೆಳಗೆ ಕೆನೆಬಣ್ಣವಾಗಿ ಕಾಣುತ್ತದೆ. ಬೆಳಗ್ಗೆ ಲೋಹವಾಗಿದ್ದ ಗೋಡೆ ಸಂಜೆಗೆ ಮಣ್ಣಾಗುತ್ತದೆ. ಅದೇ ಹಾಲ್‌ನ ಕಾವಿ ಗೋಡೆ 6,500 ಕೆಲ್ವಿನ್‌ನ ನೀಲಿಬಿಳಿ ಬೆಳಕಿನಲ್ಲಿ ಕಳೆಗುಂದಿ ಕೊಳೆಯಾದಂತೆ ತೋರುತ್ತದೆ. ಕಾರ್ಡನ್ನು ಬದಿಗಿಟ್ಟು, ಆಯ್ದ ಛಾಯೆಯನ್ನು ಗೋಡೆಯ ಮೇಲೆಯೇ ಎರಡು ಅಡಿ ಚೌಕದಷ್ಟು ಎರಡು ಕೋಟ್ ಬಳಿದು, ಹಗಲೂ ರಾತ್ರಿಯೂ ನೋಡಿ ನಿರ್ಧರಿಸುವುದೇ ಸರಿಯಾದ ದಾರಿ.

ನೀಲಿಯ ಬಗೆಗೂ ಒಂದು ಮಾತು. ಸಾಂಪ್ರದಾಯಿಕ ಪಟ್ಟಿಯಲ್ಲಿ ನೀರಿಗೆ ಇರುವುದು ಕಪ್ಪು. ಮನೆಯ ಗೋಡೆಗೆ ಕಪ್ಪು ಬಳಿಯುವವರು ವಿರಳವಾದ್ದರಿಂದ ಇಂದಿನ ಅಲಂಕಾರದಲ್ಲಿ ನೀಲಿಯೂ ಆ ಸ್ಥಾನಕ್ಕೆ ಬಂದಿದೆ. ಇದು ತಕ್ಕಮಟ್ಟಿನ ರಾಜಿ. ಆದರೆ ಹಸಿರಿನ ಅಂಚಿಗಿರುವ ತಿಳಿನೀಲಿಯನ್ನು ಮರಕ್ಕೆ ಸೇರಿಸಬೇಕೇ ನೀರಿಗೆ ಸೇರಿಸಬೇಕೇ ಎಂಬುದನ್ನು ವರದಿ ಒಂದು ಪುಟದಲ್ಲಿ ಒಂದು ಬಗೆಯಾಗಿ, ಇನ್ನೊಂದು ಪುಟದಲ್ಲಿ ಇನ್ನೊಂದು ಬಗೆಯಾಗಿ ಹೇಳುತ್ತದೆ.

ಇದಕ್ಕಿಂತ ಗಂಭೀರವಾದ ಗೊಂದಲ ಪಂಥಗಳ ಬೆರಕೆಯಿಂದ ಹುಟ್ಟಿದೆ. ದಿಕ್ಸೂಚಿಯನ್ನು ಆಧಾರವಾಗಿಟ್ಟುಕೊಂಡ ಹಳೆಯ ಪದ್ಧತಿಯಲ್ಲಿ ಆಗ್ನೇಯ ಎಂದರೆ ನಿಜವಾದ ಆಗ್ನೇಯವೇ. 20ನೇ ಶತಮಾನದ ಉತ್ತರಾರ್ಧದಲ್ಲಿ ಫೆಂಗ್ ಶುಯಿ ಗುರು ಲಿನ್ ಯುನ್ ಅವರು ಅಮೆರಿಕದಲ್ಲಿ ಪ್ರಚಾರಕ್ಕೆ ತಂದ ಪದ್ಧತಿಯಲ್ಲಾದರೋ ಎಂಟು ವಿಭಾಗಗಳ ಬಾಗುವಾ ನಕ್ಷೆಯನ್ನು ದಿಕ್ಕಿಗೆ ಬದಲು ಪ್ರವೇಶದ್ವಾರಕ್ಕೆ ಹೊಂದಿಸಿ ಇಡುತ್ತಾರೆ; ಬಾಗಿಲಿನಿಂದ ನೋಡಿದಾಗ ದೂರದ ಎಡಮೂಲೆ ಸಂಪತ್ತಿನದು, ಅದಕ್ಕೆ ನೇರಳೆ; ದೂರದ ಬಲಮೂಲೆ ದಾಂಪತ್ಯದ್ದು, ಅದಕ್ಕೆ ಗುಲಾಬಿ. ಎರಡರಲ್ಲಿ ಯಾವುದನ್ನು ಅನುಸರಿಸಿದರೂ ಆಕ್ಷೇಪವಿಲ್ಲ, ಒಂದನ್ನೇ ಅನುಸರಿಸಬೇಕು. ಈ ವರದಿ ಹಾಲ್‌ಗೆ ದಿಕ್ಸೂಚಿಯನ್ನೂ ಮಲಗುವ ಕೋಣೆಗೆ ಬಾಗಿಲಿನ ಲೆಕ್ಕವನ್ನೂ ಹಿಡಿದಿದೆ. ಫಲವಾಗಿ ಪೂರ್ವದಲ್ಲಿರುವ, ಮರದ ತತ್ತ್ವಕ್ಕೆ ಸೇರಬೇಕಾದ ಕೋಣೆಯೊಂದಕ್ಕೆ ಗುಲಾಬಿ ಗೋಡೆಯನ್ನು ಸೂಚಿಸಿದ್ದಾರೆ, ಕಾರಣವನ್ನು ಕೊಟ್ಟಿಲ್ಲ. ಒಂದೇ ಮನೆಯನ್ನು ಎರಡು ನಕಾಶೆಗಳ ಮೇಲಿಟ್ಟು, ಎರಡರಿಂದಲೂ ಅನುಕೂಲವಾದದ್ದನ್ನಷ್ಟೇ ಆಯ್ದುಕೊಂಡರೆ ಯಾವ ಸಲಹೆಯನ್ನಾದರೂ ಸಮರ್ಥಿಸಬಹುದು.

ಕಾಲಕ್ಕೂ ದಿಕ್ಕಿಗೂ ತಕ್ಕಂತೆ ಮನೆಯ ಭಾಗಗಳಿಗೆ ‘ನಕ್ಷತ್ರ’ವೆಂಬ ಒಂದರಿಂದ ಒಂಬತ್ತರವರೆಗಿನ ಸಂಖ್ಯೆಗಳನ್ನು ಹಂಚುವ ‘ಹಾರುವ ನಕ್ಷತ್ರ’ ಪದ್ಧತಿಯ ಪುಟದಲ್ಲಿ ಇದೇ ತಪ್ಪು ಇನ್ನೊಂದು ರೂಪದಲ್ಲಿದೆ. ಒಂಬತ್ತು ನಕ್ಷತ್ರಗಳಿಗೂ ಒಂದೊಂದು ಬಣ್ಣದ ಹೆಸರಿದೆ: ಒಂದು ಬಿಳಿ, ಎರಡು ಕಪ್ಪು, ಏಳು ಕೆಂಪು, ಎಂಟು ಬಿಳಿ, ಒಂಬತ್ತು ನೇರಳೆ ಹೀಗೆ. ಈ ಬಣ್ಣಗಳಿಗೂ ತತ್ತ್ವಗಳಿಗೂ ಎಲ್ಲ ಕಡೆ ತಾಳೆಯಿಲ್ಲ. ಒಂದರ ಬಿಳಿ ನೀರಿಗೆ ಸೇರಿದ್ದು, ಎಂಟರ ಬಿಳಿ ಮಣ್ಣಿಗೆ; ಎರಡರ ಕಪ್ಪು ಮಣ್ಣಿಗೆ, ಏಳರ ಕೆಂಪು ಲೋಹಕ್ಕೆ. ಇವು ನಕ್ಷತ್ರಗಳ ಹೆಸರುಗಳೇ ಹೊರತು ಗೋಡೆಗೆ ಬಳಿಯುವ ಪೇಂಟಿನ ಸೂಚನೆಗಳಲ್ಲ. ವರದಿಯಾದರೋ ಎಂಟು ಬಿಳಿ ನಕ್ಷತ್ರ ಬಂದ ಮೂಲೆಗೆ ‘ಆದುದರಿಂದ ಬಿಳಿ’ ಎಂದು ಬರೆದು, ಮಣ್ಣನ್ನು ಬಲಪಡಿಸಬೇಕಾದ ಜಾಗದಲ್ಲಿ ಲೋಹವನ್ನು ತಂದು ಅದನ್ನು ಸವೆಸುವ ಸಲಹೆ ಕೊಟ್ಟಿದೆ. ಈ ಪದ್ಧತಿಯ ಕಾಲಗಣನೆಯಲ್ಲಿ 2024ರಿಂದ 2043ರವರೆಗಿನ ಒಂಬತ್ತನೆಯ ಅವಧಿ ಬೆಂಕಿಯದಾದುದರಿಂದ ಎಲ್ಲ ಕೋಣೆಗಳಲ್ಲೂ ಸ್ವಲ್ಪ ನೇರಳೆ ಅಥವಾ ಕೆಂಪು ಇರಲಿ ಎಂಬ ಸಾಮಾನ್ಯ ಸೂಚನೆಯೂ ಇದೆ. ಆಗಲೇ ಬೆಂಕಿ ಹೆಚ್ಚಾಗಿದೆ ಎಂದು ತಾವೇ ಬರೆದ ಹಾಲ್‌ಗೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ವ್ಯಕ್ತಿಯ ಹುಟ್ಟಿದ ವರ್ಷದಿಂದ ಲೆಕ್ಕಹಾಕಿ ಅವರಿಗೆ ಒಪ್ಪುವ ದಿಕ್ಕುಗಳ ಗುಂಪನ್ನು ಹೇಳುವ ಕುವಾ ಸಂಖ್ಯೆಯ ಭಾಗವನ್ನು ಬಹಳ ಆತುರದಲ್ಲಿ ಮುಗಿಸಿದ್ದಾರೆ. ಅರ್ಜಿಯಲ್ಲಿ ಕೇಳುವುದು ವರ್ಷವನ್ನಷ್ಟೇ, ತಿಂಗಳನ್ನಲ್ಲ. ಚೀನೀ ಸೌರ ಪಂಚಾಂಗದ ವರ್ಷ ಫೆಬ್ರವರಿ 4ರ ಆಸುಪಾಸಿನಲ್ಲಿ ಆರಂಭವಾಗುವುದರಿಂದ ಜನವರಿಯಲ್ಲಿ ಹುಟ್ಟಿದವರಿಗೆ ಹಿಂದಿನ ವರ್ಷವನ್ನೇ ಹಿಡಿಯಬೇಕು. 1985ರ ಜನವರಿಯಲ್ಲಿ ಹುಟ್ಟಿದ ಮಹಿಳೆಯೊಬ್ಬರನ್ನು ತೆಗೆದುಕೊಳ್ಳಿ. 1985 ಎಂದು ಹಿಡಿದರೆ ಕೊನೆಯ ಅಂಕೆಗಳಾದ 8 ಮತ್ತು 5 ಸೇರಿ 13, ಅದರ ಅಂಕೆಗಳು ಸೇರಿ 4, ಮಹಿಳೆಯರ ಲೆಕ್ಕದಂತೆ ಅದಕ್ಕೆ 5 ಕೂಡಿದರೆ 9. ಅವರು ಪೂರ್ವ ಗುಂಪಿಗೆ ಸೇರುತ್ತಾರೆ. ಸರಿಯಾಗಿ 1984 ಎಂದು ಹಿಡಿದರೆ 8 ಬರುತ್ತದೆ, ಪಶ್ಚಿಮ ಗುಂಪು. ಹಾಸಿಗೆಯ ತಲೆದೆಸೆಯಿಂದ ಹಿಡಿದು ಕೋಣೆಯ ಬಣ್ಣದವರೆಗೆ ಎಲ್ಲವೂ ತಿರುಗಿಬೀಳುತ್ತದೆ. ಇಂಥ ಲೆಕ್ಕವನ್ನು ನಂಬುವವರಿಗಾದರೂ ಅದು ಸರಿಯಾಗಿ ಸಿಗಬೇಕಲ್ಲವೇ?

ಅಡುಗೆಮನೆಗೆ ಕೊಟ್ಟ ಸಲಹೆ ಮತ್ತೆ ಒಳ್ಳೆಯ ಮಟ್ಟದ್ದು. ಒಲೆಯೂ ಸಿಂಕೂ ಪಕ್ಕಪಕ್ಕದಲ್ಲಿದ್ದರೆ ನೀರು ಮತ್ತು ಬೆಂಕಿ ಎದುರುಬದುರಾಗುತ್ತವೆ; ನಡುವೆ ಮರವನ್ನು ತಂದರೆ ನೀರು ಮರವನ್ನು, ಮರ ಬೆಂಕಿಯನ್ನು ಪೋಷಿಸುವುದರಿಂದ ವೈರ ಸಂಬಂಧವಾಗಿ ಮಾರ್ಪಡುತ್ತದೆ. ಎರಡರ ನಡುವೆ ಕಟ್ಟೆಯ ಮೇಲೆ ದಪ್ಪ ಮರದ ಹಲಗೆಯೊಂದನ್ನು ಕೂರಿಸಿ, ಹಿಂದಿನ ಗೋಡೆಯ ಟೈಲ್ಸ್ ಹಸಿರಾಗಿರಲಿ ಎಂದಿದ್ದಾರೆ. ತತ್ತ್ವವನ್ನು ಪಕ್ಕಕ್ಕಿಟ್ಟರೂ ಒಲೆಗೂ ತೊಳೆಯುವ ಜಾಗಕ್ಕೂ ನಡುವೆ ಹೆಚ್ಚಿಕೊಳ್ಳಲು ಒಂದಿಷ್ಟು ಜಾಗವಿರುವುದು ಅಡುಗೆ ಮಾಡುವವರಿಗೆ ನಿಜವಾದ ಅನುಕೂಲ. ಸ್ನಾನದ ಮನೆಗೂ ಇದೇ ತರ್ಕವನ್ನು ಹಿಡಿದು, ಹೆಚ್ಚಾದ ನೀರನ್ನು ಹೀರಲು ಮರದ ಕಪಾಟು ಮತ್ತು ಗಿಡಗಳನ್ನು ಸೂಚಿಸಿದ್ದಾರೆ. ಆದರೆ ಕಿಟಕಿಯಿಲ್ಲದ ಕೋಣೆಯಲ್ಲಿ ಗಿಡ ಬಾಳುವುದಿಲ್ಲ, ಬಿಸಿನೀರಿನ ಹಬೆಗೆ ಸಾದಾ ಮರ ಉಬ್ಬುತ್ತದೆ. ಅದಕ್ಕೆ ಬದಲು ನೀರನ್ನು ತಡೆಯುವ ಮಣ್ಣಿನ ತತ್ತ್ವವನ್ನು ಆಯ್ದು ಮರಳುಬಣ್ಣದ ಸೆರಾಮಿಕ್ ಟೈಲ್ಸ್ ಹಾಕಿಸುವುದು ತತ್ತ್ವಕ್ಕೂ ಒಪ್ಪುತ್ತದೆ, ಬಾಳಿಕೆಗೂ ಒಳ್ಳೆಯದು.

ಪರಿಹಾರ ವಸ್ತುಗಳ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹಗುರವಾದ ಟೊಳ್ಳು ಕೊಳವೆಗಳ ಗಾಳಿಗಂಟೆ, ಗಾಜಿನ ಹರಳು, ಕೆಂಪು ಮೇಣದಬತ್ತಿಗಳು, ಪ್ಲಾಸ್ಟಿಕ್ಕಿನ ಪುಟ್ಟ ಕಾರಂಜಿ. ಮರಕ್ಕೆಂದು ಕೊಟ್ಟ ಬಿದಿರು ಕೂಡ ಪ್ಲಾಸ್ಟಿಕ್ಕಿನದೇ. ವಸ್ತುವೇ ತತ್ತ್ವ ಎಂದು ಅಷ್ಟು ಚೆನ್ನಾಗಿ ವಾದಿಸಿದ ವರದಿಯ ಜೊತೆಯಲ್ಲೇ ಹಸಿರು ಪ್ಲಾಸ್ಟಿಕ್ಕನ್ನು ಮರವೆಂದು ಕಳುಹಿಸುವುದು ತಮ್ಮ ಮಾತನ್ನು ತಾವೇ ಅಲ್ಲಗಳೆದಂತೆ. ಮನೆಯಲ್ಲಿ ಈಗಾಗಲೇ ಇರುವ ಹಿತ್ತಾಳೆಯ ಪಾತ್ರೆ, ಮಣ್ಣಿನ ಕುಂಡ, ಮರದ ಪೀಠ ಇವುಗಳನ್ನು ಸೂಚಿತ ಜಾಗಕ್ಕೆ ಸರಿಸಿಟ್ಟರೆ ಇದಕ್ಕಿಂತ ಉತ್ತಮ ಪರಿಣಾಮ ಸಿಗುತ್ತದೆ.

ವರದಿ ಬಂದ ಮೇಲೆ ಕೇಳಿದ ಪ್ರಶ್ನೆಗಳಿಗೆ ಅವರು ಸೌಜನ್ಯದಿಂದ ಉತ್ತರಿಸಿದರು. ಗುಲಾಬಿ ಗೋಡೆಯ ಕಾರಣ ಕೇಳಿದಾಗ ಆ ಕೋಣೆಯ ಪುಟವನ್ನು ತಿದ್ದಿ, ಗೋಡೆಗೆ ಎಳೆಹಸಿರನ್ನೂ ಎತ್ತರದ ಮರದ ಕಪಾಟನ್ನೂ ಸೂಚಿಸಿ ಮರಳಿ ಕಳುಹಿಸಿದರು. ನಕ್ಷತ್ರದ ಪುಟವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ. ಬಾಡಿಗೆ ಮನೆಯಲ್ಲಿದ್ದು ಗೋಡೆಗೆ ಬಣ್ಣ ಬಳಿಯಲಾಗದವರಿಗೆ ಈ ಯೋಜನೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಅದರ ಗಟ್ಟಿಯಾದ ಭಾಗವೆಲ್ಲ ಮೇಜು, ಕುಂಡ, ಪರದೆ, ದೀಪಗಳಂಥ ಸರಿಸಬಹುದಾದ ವಸ್ತುಗಳಿಗೇ ಸಂಬಂಧಿಸಿದ್ದು. ಇಡೀ ಮನೆಗೆ ಹೊಸದಾಗಿ ಪೇಂಟ್ ಮಾಡಿಸಲು ಹೊರಟವರು ಇದೊಂದನ್ನೇ ನೆಚ್ಚಿಕೊಳ್ಳಬಾರದು. ಅರ್ಜಿಯ ಕೊನೆಯ ಪುಟದಲ್ಲಿ ಪೆಟ್ಟಿಗೆಯಿಲ್ಲದೆ ವರದಿಯನ್ನಷ್ಟೇ ಪಡೆಯುವ ಆಯ್ಕೆ ಸಣ್ಣ ಅಕ್ಷರಗಳಲ್ಲಿದೆ. ಅದನ್ನೇ ಗುರುತುಮಾಡಿ, ನಿಮ್ಮ ಮನೆಗೆ ದಿಕ್ಸೂಚಿಯ ಪದ್ಧತಿಯೊಂದನ್ನೇ ಅನ್ವಯಿಸಬೇಕೆಂದು ಟಿಪ್ಪಣಿಯ ಜಾಗದಲ್ಲಿ ಬರೆದು ಕಳುಹಿಸಿರಿ.